ಮೇಷ್ಟ್ರಿಗೆ ಬೇಕಾದದ್ದು ಬಿಡುವು

ಜಪಾನಿನ ಮಕ್ಕಳಿಗೆ ಇಂಗ್ಲಿಷ್ ಮಾತು ಬಾರದೆಂಬ ದೂರೆದ್ದಾಗಲೆಲ್ಲ ಅಲ್ಲಿಯೂ ಸಿದ್ಧೌಷಧ ಒಂದೇ: ಶಿಕ್ಷಕರಿಗೆ ಕಾರ್ಯಾಗಾರ. ಇದನ್ನು ನಾನು ಒಪ್ಪಲಾರೆ. 2009ರಿಂದ ಅಲ್ಲಿನ ಶಿಕ್ಷಕರು ಹತ್ತು ವರ್ಷಕ್ಕೊಮ್ಮೆ 30 ಗಂಟೆಗಳ ತರಬೇತಿಯನ್ನು ಸ್ವಂತ ಖರ್ಚಿನಲ್ಲಿ ಪಡೆದು ಅರ್ಹತಾಪತ್ರವನ್ನು ನವೀಕರಿಸಿಕೊಳ್ಳಬೇಕಿತ್ತು. 2022ರಲ್ಲಿ ಸರ್ಕಾರವೇ ಆ ಪದ್ಧತಿಯನ್ನು ಕೈಬಿಟ್ಟಿತು. 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿನ ಕಿರಿಯ ಪ್ರೌಢಶಾಲಾ ಶಿಕ್ಷಕರ ದುಡಿಮೆ ವಾರಕ್ಕೆ 56 ಗಂಟೆ!

‘ಯಾಕುದೊಕು’, ಅಂದರೆ ವಾಕ್ಯವನ್ನು ಬಿಡಿಸಿ ಬಿಡಿಸಿ ಜಪಾನೀ ಭಾಷೆಗೆ ತಿರುಗಿಸುವ ಹಳೆಯ ಕ್ರಮ. ಮೇಷ್ಟ್ರು ಅದಕ್ಕೇ ಜೋತುಬಿದ್ದಿದ್ದಾರೆಂದು ಜರಿಯುವವರಿದ್ದಾರೆ. ಆದರೆ 2021ರಿಂದ ನಡೆಯುತ್ತಿರುವ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಇಂಗ್ಲಿಷಿನಲ್ಲಿ ಓದು ಮತ್ತು ಆಲಿಸುವಿಕೆಗೆ ಅಂಕವುಂಟು, ಮಾತಿಗಿಲ್ಲ. ಪರೀಕ್ಷೆ ಕೇಳದ್ದನ್ನು ಮಕ್ಕಳೇಕೆ ಕಲಿತಾರು? ಇದಕ್ಕೆ ಮೇಷ್ಟ್ರನ್ನೇ ದಂಡಿಸುವುದು ಯಾವ ನ್ಯಾಯ?

ಕಾರ್ಯಾಗಾರ ಬೇಕೇಬೇಕೆಂದಾದರೆ ನಡೆಯಲಿ. ಆದರೆ ಶಾಲೆಯ ಅವಧಿಯಲ್ಲಿ, ಬದಲಿ ಶಿಕ್ಷಕರನ್ನು ಕೊಟ್ಟು, ಸಂಜೆಯ ಆಟೋಟಗಳ ಹೊಣೆಯನ್ನು ಇಳಿಸಿದ ಮೇಲೆ.