ಪಂಪಿನ ಲೆಕ್ಕ ಬೇಡ, ದಿನಗೂಲಿ ಕೊಡಿ

ಹೊಲದ ಯಜಮಾನರೇ, ಎಣ್ಣೆ ಹೊಡೆಯಲು ಹೋಗುವ ಅಣ್ಣತಮ್ಮಂದಿರೇ, ಪಂಪಿಗೆ ನೀರು ಹೊರುವ ಅಕ್ಕತಂಗಿಯರೇ,

ಕಲಬುರಗಿ ಸೀಮೆಯಲ್ಲಿ ತೊಗರಿ ಹೂವಿಗೆ ಬಂದಾಗ, ರಾಯಚೂರಿನ ಎರೆ ಹೊಲಗಳಲ್ಲಿ ಹತ್ತಿ ಕಾಯಿ ಕಟ್ಟಿದಾಗ ಕೂಲಿಯವರ ಬೆನ್ನಿಗೆ ಎಣ್ಣೆಯ, ಅಂದರೆ ಕೀಟನಾಶಕದ, ಪಂಪು ಏರುತ್ತದೆ. ಒಂದು ಪಂಪಿಗೆ ಇಷ್ಟು ಕೂಲಿ ಎಂದು ಮಾತಾಗುತ್ತದೆ. ನಮ್ಮ ತಕರಾರು ಇರುವುದು ಈ ಲೆಕ್ಕದ ಮೇಲೆಯೇ. ಪಂಪಿನ ಲೆಕ್ಕದಲ್ಲಿ ದುಡಿಯುವವರು ಗಾಳಿ ಎದುರಾದರೂ ನಿಲ್ಲುವುದಿಲ್ಲ, ನಿಂತರೆ ಅಷ್ಟು ಕೂಲಿ ಹೋಯಿತು. ನಾಜಲ್ ಕಟ್ಟಿಕೊಂಡರೆ ಬಾಯಿಂದಲೇ ಊದುತ್ತಾರೆ. ಕೈ ತೊಳೆಯದೆ ಬುತ್ತಿ ಬಿಚ್ಚುತ್ತಾರೆ, ತಂಬಾಕು ತಿಕ್ಕುತ್ತಾರೆ. ತಲೆ ತಿರುಗಿದರೆ ಇನ್ನೆರಡು ಪಂಪು ಮುಗಿಸಿ ಕೂರೋಣ ಎನ್ನುತ್ತಾರೆ. ಇದನ್ನು ಅವರ ಬೇಜವಾಬ್ದಾರಿ ಎಂದು ಬೈಯುವುದು ಸುಲಭ. ಆದರೆ ಅವಸರ ಮಾಡಿದಷ್ಟೂ ಕಾಸು ಎಂದು ಹೇಳಿಕೊಟ್ಟವರು ನಾವೇ ಅಲ್ಲವೇ?

2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆದವರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಅಲ್ಲಿ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು. ಮೇಲಕ್ಕೆ ಹೊಡೆದ ವಿಷ ಹೊಡೆದವರ ಮೈಮೇಲೆಯೇ ಇಳಿಯಿತು. ನಮ್ಮ ತೊಗರಿಯೂ ಹೂ ಬಿಡುವ ಹೊತ್ತಿಗೆ ಎದೆ ದಾಟುತ್ತದೆ, ತಲೆ ಮುಚ್ಚುತ್ತದೆ. ಯವತ್ಮಾಳದಲ್ಲಿ ಆದದ್ದು ಇಲ್ಲಿ ಆಗದು ಎನ್ನಲು ನಮ್ಮ ಬಳಿ ಯಾವ ಕಾರಣವೂ ಇಲ್ಲ.

ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಹೊಲದಲ್ಲಿ ವಿಷ ಹೆಚ್ಚಾಗಿ ಒಳಗೆ ಹೋಗುವುದು ಚರ್ಮದ ಮೂಲಕ. ಸೋರುವ ಪಂಪಿನಿಂದ ಅಂಗಿ ನೆನೆಯುತ್ತದೆ, ನೆನೆದ ಅಂಗಿ ಸಂಜೆಯವರೆಗೂ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಒದ್ದೆ ಎಲೆಗಳ ನಡುವೆ ಬರಿಗಾಲಲ್ಲಿ ನಡೆದರೆ ತೊಡೆಯವರೆಗೂ ವಿಷದ ಸ್ನಾನ. ತೊಡೆಸಂದಿನ ಚರ್ಮವಂತೂ ಮುಂಗೈಗಿಂತ ಎಷ್ಟೋ ಪಾಲು ಹೆಚ್ಚು ಹೀರುತ್ತದೆ. ಬಿಸಿಲಿಗೆ ಬೆವರಿದ ಮೈ ಇನ್ನೂ ಬೇಗ ಹೀರುತ್ತದೆ.

ಕಾನೂನು ಏನು ಹೇಳುತ್ತದೆ? 1968ರ ಕೀಟನಾಶಕ ಕಾಯ್ದೆಯ ಕೆಳಗೆ 1971ರಲ್ಲಿ ಬಂದ ನಿಯಮಗಳು, ಕೀಟನಾಶಕ ತಯಾರಿಸುವವರಿಗಷ್ಟೇ ಅಲ್ಲ, ಸಿಂಪಡಿಸುವವರಿಗೂ ತಕ್ಕ ರಕ್ಷಣಾ ಉಡುಪು ಇರಬೇಕು ಎನ್ನುತ್ತವೆ. ಆದರೆ ಅದೇ ಕಾಯ್ದೆಯ 38ನೇ ಕಲಂ, ಒಬ್ಬರು ತಾವು ಸಾಗುವಳಿ ಮಾಡುವ ಜಮೀನಿನಲ್ಲಿ ಕೀಟನಾಶಕ ಬಳಸಿದರೆ ಕಾಯ್ದೆ ಅನ್ವಯಿಸದು ಎಂದು ಬಿಟ್ಟುಕೊಟ್ಟಿದೆ. ರೈತರಿಗೆ ಕಿರುಕುಳವಾಗಬಾರದೆಂದು ಹೀಗೆ ಬರೆದಿರಬಹುದು. ಆದರೆ ಆ ಜಮೀನಿನಲ್ಲಿ ಪಂಪು ಹೊತ್ತವರು ಬೇರೆಯವರಾದರೆ? 2010ರಲ್ಲಿ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಗೆ ತಿದ್ದುಪಡಿ ತಂದಾಗ, ಕಾಫಿ, ಚಹಾ ತೋಟಗಳ ಮಾಲೀಕರು ಸಿಂಪಡಣೆ ಮಾಡುವವರಿಗೆ ತರಬೇತಿ, ವೈದ್ಯಕೀಯ ತಪಾಸಣೆ, ರಕ್ಷಣಾ ಉಡುಪು, ಸ್ನಾನದ ವ್ಯವಸ್ಥೆ ಕೊಡಬೇಕೆಂದು ಅದರಲ್ಲಿ ಬರೆಯಲಾಯಿತು. ಕೊಡಗಿನ ದೊಡ್ಡ ತೋಟದ ಆಳಿಗೆ ಬೇಕಾದದ್ದು ಸಿಂಧನೂರಿನ ಗದ್ದೆಯ ಆಳಿಗೆ ಬೇಡವೇ? 38ನೇ ಕಲಮಿನ ವಿನಾಯಿತಿ ಕೂಲಿ ಇಟ್ಟು ಹೊಡೆಸುವ ಜಮೀನಿಗೆ ಸಲ್ಲಬಾರದು.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಎಣ್ಣೆ ಹೊಡೆಯುವ ಕೆಲಸಕ್ಕೆ ಪಂಪಿನ ಲೆಕ್ಕ ಬಿಟ್ಟು ದಿನಗೂಲಿ ನಿಗದಿಯಾಗಲಿ, ಗಾಳಿ ಎದ್ದಾಗ, ಬಿಸಿಲು ಏರಿದಾಗ ಕೆಲಸ ನಿಂತರೂ ಕೂಲಿ ಮುರಿಯಬಾರದು. ಕೈಗವಸು, ಕನ್ನಡಕ, ಮಾಸ್ಕ್, ಗಂಬೂಟು ಯಜಮಾನರೇ ತರಲಿ. ಸಣ್ಣ ಹಿಡುವಳಿದಾರರ ಕಷ್ಟ ನಮಗೆ ಗೊತ್ತು, ಎಷ್ಟೋ ಕಡೆ ಅವರೇ ಪಂಪು ಹೊರುತ್ತಾರೆ. ಒಂದು ಜೊತೆ ಸಾಮಾನು ನಾಲ್ಕು ಮನೆಯವರು ಕೂಡಿ ಕೊಂಡರೂ ಆಯಿತು. ಈ ಸೆಕೆಯಲ್ಲಿ ಇಡೀ ಮೈ ಮುಚ್ಚುವ ಸೂಟು ಹಾಕಿ ದುಡಿಯಲಾಗದು ಎಂಬುದೂ ನಿಜ. ಹಾಗಾದರೆ ತಂಪು ಹೊತ್ತಲ್ಲಿ ಹೊಡೆಸಿ, ತುಂಬುತೋಳಿನ ಅಂಗಿ, ಪ್ಯಾಂಟು ಹಾಕಿಸಿ, ಬೆನ್ನಿಗೂ ಸೊಂಟದಿಂದ ಕೆಳಗೂ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ. ಸೋರುವ ಪಂಪನ್ನು ಯಾರ ಬೆನ್ನಿಗೂ ಹೊರಿಸಬೇಡಿ. ಬದುವಿನ ಮೇಲೆ ಎರಡು ಕೊಡ ನೀರು, ಒಂದು ಸೋಪು ಇರಲೇಬೇಕು. ಹೊಡೆದ ಹೊಲಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ, ಮರುದಿನವೇ ಕಳೆ ತೆಗೆಯಲು ಹೆಣ್ಣಾಳುಗಳನ್ನು ಇಳಿಸಬೇಡಿ. ಮಕ್ಕಳು, ಬಸುರಿ, ಬಾಣಂತಿಯರು ಈ ಕೆಲಸದ ಹತ್ತಿರವೂ ಬರಬಾರದು. ಖಾಲಿ ಡಬ್ಬಿಯನ್ನು ಒಡೆದು ಊರಿನಿಂದ ದೂರ ಹೂಳಬೇಕೆಂದು ನಿಯಮವೇ ಇದೆ. ಅದರಲ್ಲಿ ನೀರು ತುಂಬಿಡುವ ಮನೆಗಳು ಇಂದಿಗೂ ಇವೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಓದು ಬಾರದವರಿಗೂ ತಿಳಿಯುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ. ಪಂಪು ತುಂಬುವ ಮುಂಚೆ ಡಬ್ಬಿ ತೋರಿಸಿ ಎಂದು ಕೇಳಿ.

ಹೊಡೆಯುವಾಗಲೋ ಹೊಡೆದು ಬಂದ ಮೇಲೋ ತಲೆ ತಿರುಗಿದರೆ, ವಾಂತಿಯಾದರೆ, ಜೊಲ್ಲು ಸುರಿದರೆ, ಕಣ್ಣು ಮಂಜಾದರೆ, ಮಾಂಸಖಂಡ ಅದುರಿದರೆ ಬಿಸಿಲು ಬಡಿದಿದೆ ಎಂದು ಮಲಗಿಸಬೇಡಿ. ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆದು 108ಕ್ಕೆ ಕರೆ ಮಾಡಿ. ಹಾಲು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ, ಯಾವ ವಿಷ ಎಂದು ಡಾಕ್ಟರಿಗೆ ತಿಳಿಯಬೇಕು. ಆರ್ಗನೋಫಾಸ್ಫೇಟ್ ಜಾತಿಯ ವಿಷವಾಗಿದ್ದರೆ ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಆ ಮದ್ದು ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯೇ ಎಂದು ಈ ಹಂಗಾಮಿನ ಮೊದಲ ಪಂಪು ತುಂಬುವ ಮುಂಚೆಯೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.