ಪ್ರತಿವಿಷ: ಬಲವಾದುದೋ, ಬಳಿಯಲ್ಲಿರುವುದೋ?

ಔಷಧವು ಬಲವಾದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. "ಜೋರಿಂದು ಗುಳಿಗಿ ಕೊಡ್ರಿ" ಎಂಬ ಮಾತನ್ನು ಬಾಗಲಕೋಟೆಯ ಔಷಧದಂಗಡಿಗಳ ಮುಂದೆ ನಾವು ಎಷ್ಟೋ ಸಲ ಕೇಳಿದ್ದೇವೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಅಫೀಮಿನ ವರ್ಗದ ಮದ್ದುಗಳಿಗಿರುವ ಪ್ರತಿವಿಷಗಳು ಒಳ್ಳೆಯ ಉದಾಹರಣೆ. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವೈದ್ಯರಲ್ಲ. ಆದರೆ ಈ ಪ್ರಶ್ನೆಯಲ್ಲಿ ಅರ್ಧ ಪಾಲು ಗಣಿತದ್ದು, ಉಳಿದರ್ಧ ದಾರಿಯ ದೂರದ್ದು. ಆದುದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇವೆ.

ಗಸಗಸೆ ಗಿಡದ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಮಾರ್ಫಿನ್ ಮತ್ತು ಕೊಡೀನ್‌ಗಳು ಅದರಲ್ಲಿಯೇ ಇರುವ ವಸ್ತುಗಳು. ಹೆರಾಯಿನ್ ಮಾರ್ಫಿನ್‌ನಿಂದ ಮಾಡಿದುದು. ಟ್ರಮಡಾಲ್, ಫೆಂಟನಿಲ್‌ಗಳು ರಸಾಯನಶಾಲೆಯಲ್ಲಿ ಹುಟ್ಟಿದವು. ಇವೆಲ್ಲವೂ ನರಕೋಶಗಳ ಮೇಲಿರುವ 'ಗ್ರಾಹಕ'ಗಳೆಂಬ ಸ್ಥಾನಗಳಲ್ಲಿ ಕುಳಿತು ನೋವನ್ನು ಅಡಗಿಸುತ್ತವೆ. ಪ್ರಮಾಣ ಮೀರಿದರೆ ಉಸಿರಾಟವನ್ನೂ ಅಡಗಿಸುತ್ತವೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುವುದು, ಕೂಗಿ ಅಲುಗಿಸಿದರೂ ಎಚ್ಚರವಾಗದು, ತುಟಿ ನೀಲಿಗಟ್ಟುವುದು. ಆಮ್ಲಜನಕ ದೊರೆಯದ ಮಿದುಳು ಕೆಲವೇ ನಿಮಿಷಗಳಲ್ಲಿ ಕೆಡತೊಡಗುವುದು.

ಇದಕ್ಕೆ ಮದ್ದು ನಲೋಕ್ಸೋನ್. ಜ್ಯಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೀನ್ ಎಂಬವರು 1961ರ ಸುಮಾರಿಗೆ ಇದನ್ನು ಸಿದ್ಧಪಡಿಸಿದರು. 1971ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇದು ಗ್ರಾಹಕದಿಂದ ಅಫೀಮಿನ ಕಣವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುವುದು, ಆದರೆ ಉಸಿರನ್ನು ಅಡಗಿಸದು. ಬೀಗದಲ್ಲಿ ಹೊಕ್ಕರೂ ತಿರುಗದ ಕೀಲಿಕೈಯಂತೆ ಇದರ ನಡತೆ. ಸ್ನಾಯುವಿಗೆ ಚುಚ್ಚಿದರೂ ಮೂಗಿನಲ್ಲಿ ಸಿಂಪಡಿಸಿದರೂ ಕೆಲವೇ ನಿಮಿಷಗಳಲ್ಲಿ ಉಸಿರು ಮರಳತೊಡಗುವುದು. ಮೈಯಲ್ಲಿ ಅಫೀಮಿನ ಅಂಶವೇ ಇಲ್ಲದವನಿಗೆ ತಪ್ಪಿ ಕೊಟ್ಟರೂ ಅಪಾಯವಿಲ್ಲವೆನ್ನಬಹುದು.

ಆದರೆ ಇದಕ್ಕೊಂದು ಕೊರತೆಯುಂಟು. ವಿಕಿರಣವಸ್ತುಗಳ ಅರ್ಧಾಯುಷ್ಯವನ್ನು ವಿದ್ಯಾರ್ಥಿಗಳು ಓದಿರುವಿರಷ್ಟೆ. ಲೆಕ್ಕಕ್ಕಾಗಿ ರಕ್ತದಲ್ಲಿ ನಲೋಕ್ಸೋನ್‌ನ ಅರ್ಧಾಯುಷ್ಯ 1 ಗಂಟೆ, ಮಾರ್ಫಿನ್‌ನದು 3 ಗಂಟೆ ಎಂದು ಇಟ್ಟುಕೊಳ್ಳೋಣ. 3 ಗಂಟೆ ಕಳೆದಾಗ ಮಾರ್ಫಿನ್ ಇನ್ನೂ ಅರ್ಧ ಉಳಿದಿರುವುದು. ನಲೋಕ್ಸೋನ್ ಎಂಟರಲ್ಲಿ ಒಂದು ಪಾಲು ಮಾತ್ರ. ಕಾವಲುಗಾರನು ಹೋದ ಮೇಲೆ ಕಳ್ಳನು ಮರಳಿ ಬಂದಂತೆ ವಿಷವು ಮತ್ತೆ ತಲೆಯೆತ್ತಬಹುದು. ಎಚ್ಚರಗೊಂಡವನನ್ನೂ ಆಸ್ಪತ್ರೆಗೆ ಒಯ್ಯಬೇಕೆನ್ನುವುದು ಇದಕ್ಕಾಗಿಯೇ.

ಹಾಗಾದರೆ ಹೆಚ್ಚು ಕಾಲ ನಿಲ್ಲುವ ಮದ್ದು ಮೇಲಲ್ಲವೆ? ಸುಮಾರು 11 ಗಂಟೆಗಳ ಅರ್ಧಾಯುಷ್ಯವುಳ್ಳ ನಾಲ್ಮೆಫೀನ್ ಎಂಬುದರ ಮೂಗಿನ ಸಿಂಚನಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕಾಗದದ ಮೇಲಿನ ಲೆಕ್ಕದಲ್ಲಿ ಅದೇ ಗೆಲ್ಲುವುದು. ಆದರೆ ವ್ಯಸನಿಯ ದೇಹದಿಂದ ಅಫೀಮಿನ ಪ್ರಭಾವವನ್ನು ಥಟ್ಟನೆ ಕಿತ್ತಾಗ ವಾಂತಿ, ನಡುಕ, ತಳಮಳಗಳು ತೋರುತ್ತವೆ. ದೀರ್ಘಕಾಲದ ಮದ್ದು ಈ ಯಾತನೆಯನ್ನೂ ದೀರ್ಘಗೊಳಿಸಬಲ್ಲುದು. ಅಮೆರಿಕದ ವಿಷವೈದ್ಯರ ಸಂಘಗಳು ಅದೇ ವರ್ಷ ನಲೋಕ್ಸೋನ್‌ನ ಸ್ಥಾನಕ್ಕೆ ಇದನ್ನು ತರಬಾರದೆಂದು ಅಭಿಪ್ರಾಯಪಟ್ಟವು. ಇನ್ನು ನಲೋಕ್ಸೋನ್‌ನ ಪ್ರಮಾಣವನ್ನೇ ಹೆಚ್ಚಿಸಿದರೆ? ನ್ಯೂಯಾರ್ಕ್ ರಾಜ್ಯದ ಪೊಲೀಸರು 4 ಮತ್ತು 8 ಮಿಲಿಗ್ರಾಂ ಸಿಂಚನಗಳೆರಡನ್ನೂ ಬಳಸಿ ನೋಡಿದರು. 2024ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಬದುಕಿದವರ ಪ್ರಮಾಣ ಎರಡರಲ್ಲಿಯೂ ನೂರಕ್ಕೆ 99ರಷ್ಟು. 8 ಮಿಲಿಗ್ರಾಂ ಪಡೆದವರಲ್ಲಿ ವಾಂತಿ ಮುಂತಾದ ಯಾತನೆ ಮಾತ್ರ ಹೆಚ್ಚು.

ಇದರಿಂದ ತಿಳಿಯುವುದೇನು? ಪ್ರಾಣವುಳಿಸುವುದು ಮದ್ದಿನ ಬಲವಲ್ಲ, ಅದು ಕೈಗೆ ಸಿಗುವ ವೇಗ. ಬಾದಾಮಿಯ ಹಳ್ಳಿಯಿಂದಾಗಲಿ ಇಳಕಲ್, ಹುನಗುಂದಗಳಿಂದಾಗಲಿ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಐದು ನಿಮಿಷಗಳಲ್ಲಿ ಯಾವ ವಾಹನವೂ ಮುಟ್ಟಲಾರದು. ಅಲ್ಲಿಯ ಕಪಾಟಿನಲ್ಲಿರುವ ಅತ್ಯುತ್ತಮ ಪ್ರತಿವಿಷಕ್ಕಿಂತ ಮನೆಯಲ್ಲಿರುವ ಸಾಧಾರಣ ಪ್ರತಿವಿಷವೇ ದೊಡ್ಡದು.

2022ರಲ್ಲಿ ಈ ವರ್ಗದ ಮದ್ದುಗಳಿಂದ ಅಮೆರಿಕದಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದು ದೂರದೇಶದ ಪಿಡುಗೆಂದು ನಾವು ಸುಮ್ಮನಿರುವಂತಿಲ್ಲ. 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಇವನ್ನು ಬಳಸುವವರು ಸುಮಾರು 2 ಕೋಟಿ 26 ಲಕ್ಷ. ಇನ್ನೊಂದೆಡೆ, ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಸುಲಭವಾಗಿ ದೊರೆಯಲೆಂದು 2014ರಲ್ಲಿ ಕಾಯದೆಯನ್ನು ಸಡಿಲಿಸಲಾಯಿತು. ಆ ದಯೆ ನಮ್ಮ ಹಳ್ಳಿಗಳಿಗೂ ಬರಬೇಕು. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಮಾರ್ಫಿನ್‌ಗೆ ಅಂಜಬೇಕಿಲ್ಲ. ಆದರೆ ಅಜ್ಜನ ಗುಳಿಗೆಯನ್ನು ಮೊಮ್ಮಗು ನುಂಗಿದರೆ ಗತಿಯೇನು?

ಪ್ರತಿವಿಷವು ಕೈಗೆ ಸಿಕ್ಕರೆ ವ್ಯಸನಿಗಳಿಗೆ ಧೈರ್ಯ ಬರುವುದೆಂದು ಕೆಲವರು ಹೇಳಬಹುದು. ಬಾವಿಯ ಬಳಿ ಹಗ್ಗವಿಟ್ಟರೆ ಜನ ಬೇಕೆಂದೇ ಬಾವಿಗೆ ಬೀಳುವರೆ?

ವ್ಯಸನಿಯ ಬಳಿಯಿರುವವರಿಗೆಲ್ಲ ನಲೋಕ್ಸೋನ್ ದೊರೆಯಬೇಕೆಂದೂ ಅದರ ಬಳಕೆಯನ್ನು ಕಲಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಹೇಳಿದೆ. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಇದರ ಸೂಜಿಮದ್ದು ಇದೆ. ಪಟ್ಟಿಯಿಂದ ಅದು ಇಳಿದು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ 108ರ ವಾಹನಕ್ಕೂ ಬರಲಿ. ಮಾರ್ಫಿನ್ ಇರುವ ಮನೆಗೆ ಮೂಗಿನ ಸಿಂಚನವೂ ಜೊತೆಯಲ್ಲಿ ಹೋಗಲಿ. ಉಸಿರು ನಿಂತವನಿಗೆ ಬಾಯಿಂದ ಬಾಯಿಗೆ ಉಸಿರೂಡುವುದನ್ನಂತೂ ನಮ್ಮ ಶಾಲೆ ಕಾಲೇಜುಗಳಲ್ಲಿ ಇಂದೇ ಕಲಿಸತೊಡಗಬಹುದು. ಅದಕ್ಕೆ ಹಣವೂ ಬೇಡ, ಅನುಮತಿಯೂ ಬೇಡ.