ಬ್ಯಾಟರಿ ಡೌನಾ? ಮೊದಲು ಬಳೆ ಬಿಚ್ಚಿಡಿ!

ಕೀ ತಿರುಗಿಸಿದರೆ ಬರೀ ‘ಟಕ್ ಟಕ್’ ಸದ್ದು. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಂಕಾಗಿ ಉರಿದು ಆರಿಹೋಗುತ್ತವೆ. ಹಿಂದಿನ ಸೀಟಿನಲ್ಲಿ ಬ್ಯಾಗ್ ಹೊತ್ತು ಕೂತ ಮಕ್ಕಳು, ಮನೆಯವರು ಆಗಲೇ ಬೆಂಗಳೂರಿನ ರೈಲು ಹತ್ತಿಯಾಗಿದೆ. ಫೋನ್ ಮಾಡಿದರೆ ಬರುವ ಮೊದಲ ಪ್ರಶ್ನೆ ಯಾವುದು ಅಂತ ನಿಮಗೇ ಗೊತ್ತು. ‘ರಾತ್ರಿ ಲೈಟ್ ಆಫ್ ಮಾಡಿದ್ಯೋ ಇಲ್ವೋ?’

ಇದಕ್ಕೊಂದು ಉತ್ತರ ಇಟ್ಟುಕೊಂಡಿರಿ. ಲೈಟ್ ಮರೆತದ್ದೇ ಕಾರಣ ಆಗಬೇಕಿಲ್ಲ. ಮನೆಯಿಂದ ಶಾಲೆ, ಶಾಲೆಯಿಂದ ಮಾರ್ಕೆಟ್ಟು ಅಂತ ಊರೊಳಗೇ ಎರಡೆರಡು ಕಿಲೋಮೀಟರ್ ಓಡುವ ಗಾಡಿಗೆ, ಸ್ಟಾರ್ಟ್ ಆಗಲು ಖರ್ಚಾದ ಕರೆಂಟನ್ನು ವಾಪಸ್ ತುಂಬಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಬ್ಯಾಟರಿಗೆ ಮೂರ್ನಾಲ್ಕು ವರ್ಷ ವಯಸ್ಸಾಗಿದ್ದರಂತೂ ಮುಗಿಯಿತು. 2020ರ ಲಾಕ್‌ಡೌನಿನಲ್ಲಿ ಶೆಡ್ಡಿನಲ್ಲೇ ನಿಂತ ಗಾಡಿಗಳು ಹೇಗೆ ಮಲಗಿಬಿಟ್ಟವು, ನೆನಪಿದೆಯಲ್ಲ? ಆಗ ಯಾರೂ ಲೈಟ್ ಮರೆತಿರಲಿಲ್ಲ!

ನನ್ನ ತಕರಾರು ಬೇರೆಯೇ ಇದೆ. ಮಗಳಿಗೆ, ಸೊಸೆಗೆ ಡ್ರೈವಿಂಗ್ ಕಲಿಸುತ್ತೇವೆ, ಬಾನೆಟ್ ಎತ್ತುವುದನ್ನು ಮಾತ್ರ ಕಲಿಸುವುದಿಲ್ಲ. ‘ಅದೆಲ್ಲ ನಿನಗ್ಯಾಕಮ್ಮ, ಯಾರಾದ್ರೂ ಬರ್ತಾರೆ ಬಿಡು’ ಅಂತೀವಿ. ಯಾರಾದರೂ ಬರುತ್ತಾರೆ, ನಿಜ. ನಮ್ಮ ಕಡೆ ಜನ ಒಳ್ಳೆಯವರೇ. ಆದರೆ ಬಂದವರಿಗೆ ಕೆಲಸ ಸರಿಯಾಗಿ ಗೊತ್ತಿರುತ್ತದೆ ಅಂತ ಯಾರು ಹೇಳಿದರು? ಪ್ಲಸ್ಸಿಗೆ ಮೈನಸ್ ಕೊಟ್ಟರೆ ಫ್ಯೂಸ್ ಹೋಗುತ್ತದೆ, ಸಾವಿರಾರು ರೂಪಾಯಿಯ ಕಂಪ್ಯೂಟರ್ ಬೋರ್ಡೂ ಹೋದೀತು. ಕೈ ಅವರದ್ದೇ ಆಗಿರಲಿ, ಯಾವ ಕ್ಲಿಪ್ ಎಲ್ಲಿಗೆ ಅಂತ ಹೇಳುವ ಬಾಯಿ ನಿಮ್ಮದಾಗಿರಬೇಕು.

ಡೀಸೆಲ್ ಗಾಡಿಯ ಸ್ವಭಾವ ಸ್ವಲ್ಪ ತಿಳಿದಿರಲಿ. ಪೆಟ್ರೋಲ್ ಎಂಜಿನ್ನಿನ ಹಾಗೆ ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹೆಚ್ಚುಕಮ್ಮಿ 15ರಿಂದ 20 ಪಟ್ಟು ಒತ್ತಿ, ಆ ಒತ್ತಡದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಎಂಜಿನ್ ತಿರುಗಿಸಲು ಸೆಲ್ಫ್ ಮೋಟಾರಿಗೆ ತುಂಬಾ ಶಕ್ತಿ ಬೇಕು. ಪಕ್ಕದ ಮನೆಯ ಪುಟ್ಟ ಪೆಟ್ರೋಲ್ ಕಾರಿಗೆ ತಂತಿ ಸಿಕ್ಕಿಸಿದ ತಕ್ಷಣ ನಿಮ್ಮ ದೊಡ್ಡ ಗಾಡಿ ಎದ್ದು ಕೂರುವುದಿಲ್ಲ, ಕಾಯಬೇಕು.

ಈಗ ಬಳೆ ವಿಷಯ. 12 ವೋಲ್ಟ್ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಚಿನ್ನದ ಬಳೆಯೋ ವಾಚಿನ ಚೈನೋ ಪ್ಲಸ್ಸಿಗೂ ಪಕ್ಕದ ಕಬ್ಬಿಣಕ್ಕೂ ಒಟ್ಟಿಗೆ ತಗುಲಿದರೆ, ನೂರಾರು ಆಂಪಿಯರ್ ಕರೆಂಟ್ ಅದರಲ್ಲೇ ಹರಿದು ಕ್ಷಣದಲ್ಲಿ ಕಾದು ಮಣಿಕಟ್ಟು ಸುಡುತ್ತದೆ. ಚಿನ್ನ, ಬೆಳ್ಳಿ, ಸ್ಟೀಲು, ಉಂಗುರ ಎಲ್ಲ ಬಿಚ್ಚಿಡಿ. ತಾಳಿ ತೆಗೆಯಲು ಮನಸ್ಸಿಲ್ಲವೇ? ರವಿಕೆಯೊಳಗೆ ಸೇರಿಸಿಕೊಳ್ಳಿ. ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿಯಾಗಿರಲಿ, ಜಡೆ ಬೆನ್ನ ಮೇಲಿರಲಿ. ಎಂಜಿನ್ ಫ್ಯಾನಿಗೆ ಹೆಂಗಸು ಗಂಡಸು ಅನ್ನುವ ದಾಕ್ಷಿಣ್ಯವಿಲ್ಲ.

ಎರಡೂ ಗಾಡಿ ಹತ್ತಿರ ನಿಲ್ಲಲಿ, ಆದರೆ ಒಂದಕ್ಕೊಂದು ತಾಗಬಾರದು. ಎರಡೂ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕೀ ಆಫ್. ಬ್ಯಾಟರಿ ಉಬ್ಬಿದ್ದರೆ, ಒಡೆದು ಸೋರುತ್ತಿದ್ದರೆ ಕೈ ಹಾಕಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ಕೆಂಪು ಕೇಬಲ್ ಮೊದಲು: ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಆಮೇಲೆ ಕಪ್ಪು: ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಮೈನಸ್ಸಿಗೇ ಯಾಕೆ ಬೇಡ ಅಂದರೆ, ಕೊನೆಯ ಕ್ಲಿಪ್ ಸಿಕ್ಕಿಸುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಅನಿಲಕ್ಕೆ ಆ ಕಿಡಿ ಸಾಕು, ಸಿಡಿದರೆ ಆ್ಯಸಿಡ್ ಕಣ್ಣಿಗೇ.

ಒಳ್ಳೆಯ ಗಾಡಿ ಸ್ಟಾರ್ಟ್ ಮಾಡಿ ಐದರಿಂದ ಹತ್ತು ನಿಮಿಷ ಬಿಡಿ. ಆಮೇಲೆ ನಿಮ್ಮ ಕೀ ಆನ್ ಮಾಡಿ, ಸುರುಳಿ ಗುರುತಿನ ಹೀಟರ್ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಆಗದಿದ್ದರೆ ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ. ಎದ್ದಿತೋ, ಸಿಕ್ಕಿಸಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ ಬಿಚ್ಚಿ. ಕೆಲವು ಹೊಸ ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು, ಜೊತೆಗೆ ಕೊಟ್ಟ ಪುಸ್ತಕ ಒಮ್ಮೆ ನೋಡಿಕೊಳ್ಳಿ.

ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ ನಿಂತರೆ ಮೊದಲು ನಿಲ್ಲಿಸುವುದು ಲಾರಿಯವರೇ, ಪಾಪ. ‘ನಮ್ ಬ್ಯಾಟ್ರಿ ಕೊಡ್ತೀನಿ ಅಕ್ಕಾ’ ಅಂದರೆ ಕೈ ಮುಗಿದು ಬೇಡ ಅನ್ನಿ. ದೊಡ್ಡ ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ ಇರುವುದು 24 ವೋಲ್ಟ್. ಅದನ್ನು ನಿಮ್ಮ 12 ವೋಲ್ಟ್ ಗಾಡಿಗೆ ಕೊಟ್ಟರೆ ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೂ ಒಪ್ಪಬೇಡಿ. ಹಳೇ ಡೀಸೆಲ್ ಗಾಡಿಗಳು ಹಾಗೆ ಎದ್ದು ಓಡುತ್ತಿದ್ದವು. ಈಗಿನವು ಡೀಸೆಲ್ ಚಿಮ್ಮಿಸುವುದಕ್ಕೂ ಕರೆಂಟನ್ನೇ ಕೇಳುತ್ತವೆ, ಆಟೋಮ್ಯಾಟಿಕ್ ಆದರೆ ತಳ್ಳಿಯೂ ಪ್ರಯೋಜನವಿಲ್ಲ. ಜೊತೆಗೆ ಎಂಜಿನ್ ಓಡದಿದ್ದರೆ ಸ್ಟೇರಿಂಗ್, ಬ್ರೇಕ್ ಎರಡೂ ಕಲ್ಲಿನ ಹಾಗೆ. ಕತ್ತಲಾಗಿದ್ದರೆ ಬಾಗಿಲು ಲಾಕ್ ಮಾಡಿ ಒಳಗೇ ಕೂತು 1033ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಭಯ ಅನ್ನಿಸಿದರೆ ನೇರವಾಗಿ 112.

ಗುಬ್ಬಿ ಕಡೆಯ ತೆಂಗಿನ ತೋಟಗಳ ಹೆಣ್ಣುಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಟ್ರ್ಯಾಕ್ಟರ್ ಬ್ಯಾಟರಿ ಮಲಗಿದಾಗ ನೆಲದ ಮೇಲೆ ನಿಂತು, ಸೆಲ್ಫ್ ಮೋಟಾರಿನ ಎರಡು ತುದಿಗೆ ಸ್ಪ್ಯಾನರ್ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವವರಿದ್ದಾರೆ. ಸಲೀಸು ಅನ್ನಿಸುತ್ತದೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ನಿಂತವರ ಮೇಲೇ ಹರಿಯುತ್ತದೆ, ಹಿಂದಿನ ಚಕ್ರದಿಂದ ಸರಿಯಲು ಸಮಯವೇ ಇರುವುದಿಲ್ಲ. ಗಂಡ, ಮೈದುನ ಯಾರೇ ಮಾಡಲಿ, ಅಡ್ಡ ಹೋಗಿ ನಿಲ್ಲಿಸಿ. ಜಗಳವಾದರೆ ಆಗಲಿ.

ಗಾಡಿ ಎದ್ದ ಮೇಲೆ ತಕ್ಷಣ ಆಫ್ ಮಾಡಬೇಡಿ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್, ಏಸಿ ಹಾಕದೆ ಅಷ್ಟು ದೂರ ಹೋಗಿ ಬಂದರೆ ಮತ್ತೊಮ್ಮೆ ಸ್ಟಾರ್ಟ್ ಆಗುವಷ್ಟು ಜೀವ ಬರುತ್ತದೆ. ಪೂರ್ತಿ ತುಂಬಲು ಅಂಗಡಿಯಲ್ಲಿ ಚಾರ್ಜಿಗೇ ಹಾಕಬೇಕು. ಹಾಗೆ ಹಾಕಿದಾಗ ವೋಲ್ಟ್ ಎಷ್ಟು ಅಂತ ಕೇಳಿ: ಚಾರ್ಜ್ ಮುಗಿಸಿ ಕೆಲ ಗಂಟೆ ಸುಮ್ಮನೆ ಇಟ್ಟ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಹೊಸದಕ್ಕೆ ದುಡ್ಡು ಹೊಂದಿಸಿಕೊಳ್ಳಿ. ಮುಚ್ಚಳ ತೆಗೆಯುವಂಥ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನಮ್ಮ ಬೋರ್‌ವೆಲ್ ನೀರು ಸುತರಾಂ ಬೇಡ. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಆ ನೀರು ಒಳಗೆ ಹೋಗದ ಹಾಗೆ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಸವರಿ.

ಕೇಬಲ್ ಕೊಳ್ಳುವಾಗ ತೆಳ್ಳಗಿನ ಅಗ್ಗದ್ದಕ್ಕೆ ಮರುಳಾಗಬೇಡಿ. ಡೀಸೆಲ್ ಗಾಡಿಗೆ ದಪ್ಪ ತಾಮ್ರದ್ದೇ ಬೇಕು, ತೆಳು ತಂತಿ ಕಾದು ಹೊಗೆಯಾಡುತ್ತದೆ. ಅದನ್ನು ಸ್ಟೆಪ್ನಿ ಪಕ್ಕದಲ್ಲಿಡಿ, ಅಟ್ಟದ ಮೇಲಲ್ಲ.